ಒಂಬತ್ತು ಮತ್ತು ಒತ್ತಕ್ಷರ

ನಾನು ಅವನನ್ನು ಮೊದಲ ಸಲ ಕರೆದದ್ದೇ "ಅಕ್ಕಾ" ಎಂದು. ಅದನ್ನು ಅವನು ಇವತ್ತಿಗೂ ಮರೆತಿಲ್ಲ, ನನಗೂ ಮರೆಯಲು ಬಿಟ್ಟಿಲ್ಲ.

ಅಕ್ಕಲಕೋಟ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಂದ್ರಭಾಗಾ ಕಾಕು ನಾಟಕದ ಪೋಷಾಕು ಹೊಲಿಯುತ್ತಾರೆ, ಕಲಿತರೆ ಅವರ ಹತ್ತಿರವೇ ಕಲಿಯಬೇಕು ಎಂದು ಸೊಲ್ಲಾಪುರದಲ್ಲಿ ಕೇಳಿದ್ದೆ. ಫ್ಯಾಷನ್ ಡಿಸೈನ್ ಡಿಪ್ಲೊಮಾ ಮುಗಿಸಿದ್ದೆ. ಚಿತ್ರಗಳ ಫೈಲು ಬಗಲಲ್ಲಿಟ್ಟುಕೊಂಡು, ಎಸ್‌ಟಿ ಬಸ್ಸಿನಲ್ಲಿ ಒಂದು ತಾಸು ನಿಂತುಕೊಂಡೇ ಬಂದಿದ್ದೆ. ಅಂಗಡಿಯ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದ ಹೆಂಗಸು ಹಸಿರು ಜರಿಯ ಘಾಗ್ರಾ ಉಟ್ಟಿದ್ದಳು. ಜಡೆ ಸೊಂಟದ ಕೆಳಗೆ ಇಳಿದಿತ್ತು.

"ಅಕ್ಕಾ, ಚಂದ್ರಭಾಗಾ ಕಾಕು ಅದಾರೇನ್ರಿ?"

ಹೆಂಗಸು ತಿರುಗಿದಳು. ಮೂಗಿನ ಕೆಳಗೆ ದಟ್ಟ ಮೀಸೆ.

"ಅಕ್ಕ ಇಲ್ಲೇ ಅದಾಳ್ರಿ. ಕಾಕು ಒಳಗ ಚಹಾ ಮಾಡಾಕತ್ಯಾರ."

ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ರಾಣಿ ಪಾರ್ಟಿನ ಹುಡುಗಿ ಆವತ್ತು ಬಂದಿರಲಿಲ್ಲವಂತೆ. ಘಾಗ್ರಾದ ಅಂಚು ಗುರುತು ಮಾಡಲು ಯಾರಾದರೂ ಉಟ್ಟು ನಿಲ್ಲಬೇಕಲ್ಲ, ಅದಕ್ಕೆ ಕಾಕು ಮಗನನ್ನೇ ನಿಲ್ಲಿಸಿದ್ದರು, ಜಡೆ ಸಮೇತ. ಮಗನ ಹೆಸರು ಧರ್ಮರಾಜ. ಅವನು ಒಂದಿಷ್ಟೂ ನಾಚದೆ ಘಾಗ್ರಾ ಎತ್ತಿ ಹಿಡಿದುಕೊಂಡು ಒಳಗೆ ನಡೆದ.

ಪ್ಯಾಂಟು ಶರ್ಟು ಹಾಕಿಕೊಂಡು ಬಂದ ಮೇಲೆ ನನ್ನ ಚಿತ್ರಗಳನ್ನು ಒಂದೊಂದಾಗಿ ತಿರುವಿದ. ರಾಣಿಯ ಪೋಷಾಕಿನ ಮೇಲೆ ನಾನು ಬೆರಳೆಲ್ಲ ನೋಯುವಂತೆ ಹೂಬಳ್ಳಿ ಬರೆದಿದ್ದೆ.

"ಭಾಳ ಛಂದ ಅದಾವ್ರಿ ಮ್ಯಾಡಂ. ಆದ್ರ ರಾಣಿ ಕೂಡೂದು ಹ್ಯಾಂಗ?"

"ಅಂದ್ರ?"

"ಎರಡನೇ ಅಂಕದಾಗ ಅಕಿ ನೆಲದ ಮ್ಯಾಲ ಕುಂತು ಅಳ್ತಾಳ. ಇದನ್ನ ಉಟ್ಟು ಕುಂತ್ರ ಎಬ್ಬಸಾಕ ನಾಲ್ಕ ಮಂದಿ ಬೇಕಾಗ್ತಾರ."

ಎರಡು ವರ್ಷದ ಡಿಪ್ಲೊಮಾದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ಗೊತ್ತಿಲ್ಲದಿದ್ದಾಗ ನನಗೆ ಸಿಟ್ಟು ಬರುತ್ತದೆ, ಬಂತು. ಅವನು ಅದನ್ನು ಗಮನಿಸಿ ಮೀಸೆಯೊಳಗೇ ನಕ್ಕ. ಆ ಚಿತ್ರವನ್ನು ಅಂಗಡಿಯ ಗೋಡೆಗೆ ಪಿನ್ನು ಮಾಡಿ, ನನ್ನನ್ನು ರಸ್ತೆಯ ಆಚೆಗಿನ ಚಹಾದಂಗಡಿಗೆ ಕರೆದುಕೊಂಡು ಹೋದ.

"ಇದು ಹತ್ತನೇ ಸಾಲು. ಈಗ ನೋಡ್ರಿ, ಹೂಬಳ್ಳಿ ಕಾಣ್ತಾವೇನು?"

ಕಾಣಲಿಲ್ಲ. ಬರೀ ಹಸಿರು ಕಂಡಿತು.

"ಹಿಂದ ಕುಂತಾವ್ರಿಗೂ ರಾಣಿ ಕಾಣಬೇಕಲ್ರಿ," ಎಂದ, ಈ ಸಲ ನಗದೆ. ಆ ಮಾತನ್ನು ಅವನು ಹೇಳಿದ ರೀತಿಗೆ ನನ್ನ ಸಿಟ್ಟು ಇಳಿದುಹೋಯಿತು. ಮರುದಿನದಿಂದ ದಿನಾ ಬರತೊಡಗಿದೆ.

ಅಲ್ಲಿ ನಾನು ಮೊದಲಿನಿಂದ ಕಲಿತೆ. ಪಾತ್ರ ಏನು ಮಾಡುತ್ತದೆ ಎಂದು ಕೇಳಿಕೊಂಡು ಆಮೇಲೆ ಚಿತ್ರ ಬರೆಯುವುದು. ಪರದೆಯ ಹಿಂದೆ ಎರಡು ನಿಮಿಷದಲ್ಲಿ ಪೋಷಾಕು ಬದಲಿಸುವವರಿಗೆ ಗುಂಡಿ ಬಿಟ್ಟು ಹುಕ್ಕು ಹಚ್ಚುವುದು. ರಾಜನಿಗೆ ಕುಸ್ತಿಯ ದೃಶ್ಯ ಇದ್ದರೆ ಕಂಕುಳಲ್ಲಿ ಬಟ್ಟೆ ಸಡಿಲ ಬಿಡುವುದು. ಕಾಕು ಕತ್ತರಿಸುತ್ತಿದ್ದರು, ಧರ್ಮರಾಜ ಹೊಲಿಯುತ್ತಿದ್ದ, ನಾನು ಅವನ ಮಷಿನ್ನಿನ ಪಕ್ಕದ ಸ್ಟೂಲಿನಲ್ಲಿ ಕುಳಿತು ಅಸ್ತರು ಹಚ್ಚುತ್ತಿದ್ದೆ. ಸೂಜಿಗೆ ದಾರ ಪೋಣಿಸುವಾಗ ಅವನು ಒಂದು ಕಣ್ಣು ಮುಚ್ಚುತ್ತಿದ್ದ. ತೆರೆದ ಕಣ್ಣು ಸೂಜಿಯ ಮೇಲಿರಬೇಕು ತಾನೆ? ಒಂದೊಂದು ಸಲ ಇರುತ್ತಿರಲಿಲ್ಲ.

"ದಾರ ಅಲ್ಲಿ ಅದ ರೀ ಮಾಸ್ತರ," ಎನ್ನುತ್ತಿದ್ದೆ.

"ಗೊತ್ತದ್ರಿ ಮ್ಯಾಡಂ," ಎನ್ನುತ್ತಿದ್ದ, ಕಣ್ಣು ಕದಲಿಸದೆ.

ಇದಕ್ಕಿಂತ ಹೆಚ್ಚಿನ ಮಾತು ಅವನಿಂದ ಹೊರಡಲಿಲ್ಲ. ಹೊರಡಲಿ ಎಂದು ನಾನು ಕಾಯುತ್ತಿದ್ದುದು ಸುಳ್ಳಲ್ಲ.

ನನಗೆ ಸಿಕ್ಕ ಸಮಯವಾದರೂ ಎಷ್ಟು? ಸೊಲ್ಲಾಪುರದಲ್ಲಿ ನಮ್ಮ ಅಪ್ಪ ಶಾಂತಲಿಂಗಪ್ಪನವರದು ಟಾವೆಲ್ಲು, ಚಾದರದ ಅಂಗಡಿ. "ಈ ಒಂದ ನಾಟಕ ಆಗೂತನಾ ಹೋಗಿ ಬಾ. ಆಮ್ಯಾಲ ಸುಮ್ನ ಅಂಗಡ್ಯಾಗ ಕೂಡು," ಎಂದಿದ್ದರು. ನಾಟಕ ಆಡಿಸುವ ಲಕ್ಷ್ಮೀಕಾಂತ ಸರ್ ಪೋಷಾಕು ಮೆಚ್ಚಿ ಮುಂದಿನ ನಾಟಕವನ್ನೂ ಕೊಟ್ಟರೆ ಮಾತ್ರ ಅಪ್ಪ ಒಪ್ಪುತ್ತಿದ್ದರು. ಮೆಚ್ಚದಿದ್ದರೆ ಅಕ್ಕಲಕೋಟದ ಬಸ್ಸು ಬಂದ್, ಮಷಿನ್ನಿನ ಪಕ್ಕದ ಸ್ಟೂಲೂ ಬಂದ್. ಎರಡನೆಯದನ್ನು ನೆನೆಸಿಕೊಂಡರೆ ಅರ್ಧ ಊಟಕ್ಕೇ ತಟ್ಟೆ ಸರಿಸಿ ಏಳುತ್ತಿದ್ದೆ.

ಅಂಥದ್ದರಲ್ಲಿ ನಾನು ಆ ಒಂಬತ್ತರ ಕೆಲಸ ಮಾಡಿದೆ.

ಕಾಕುನ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಒಂದು ಕೆಂಪು ರೇಷ್ಮೆ ಇತ್ತು. ಒಳ್ಳೆಯ ರಾಜ ಬರಲಿ ಎಂದು ಕಾದಿಟ್ಟಿದ್ದರು. ಈ ನಾಟಕದ ರಾಜ ಆರಡಿ ಎತ್ತರದ ಚೆಲುವ, ಹಾಗಾಗಿ ರೇಷ್ಮೆ ಹೊರಗೆ ಬಂತು. ಆವತ್ತು ಕಾಕು ಭಂಡಾರಕವಠೆಗೆ ನೆಂಟರ ಮದುವೆಗೆ ಹೋಗಿದ್ದರು, ಧರ್ಮರಾಜ ಸೊಲ್ಲಾಪುರಕ್ಕೆ ಜರಿ ತರಲು ಹೋಗಿದ್ದ. "ನಾ ಬರೂತನಾ ಕತ್ರಿ ಮುಟ್ಟಬ್ಯಾಡ್ರಿ," ಎಂದು ಹೇಳಿಯೇ ಹೋಗಿದ್ದ. ಹಾಗೆ ಹೇಳಿದ್ದರಿಂದಲೇ ನಾನು ಮುಟ್ಟಿದೆ. ಅವನು ಬರುವುದರೊಳಗೆ ಕತ್ತರಿಸಿಟ್ಟು ಬೆರಗುಪಡಿಸುವ ಹುರುಪು.

ಮಾಪಿನ ವಹಿ ತೆಗೆದೆ. ದಿನಾ ಅದರಿಂದ ಅಳತೆ ಓದಿ ಹೇಳುತ್ತಿದ್ದವನು ಅವನೇ. ಅವನು ಕಲಿತದ್ದು ಕನ್ನಡ ಸಾಲೆ, ಅಂಕಿಯನ್ನೂ ಕನ್ನಡದಲ್ಲೇ ಬರೆಯುತ್ತಿದ್ದ. ನಾನು ಮನೆಯಲ್ಲಿ ದಿನವಿಡೀ ಕನ್ನಡದಲ್ಲಿ ಜಗಳಾಡುವವಳು, ಆದರೆ ಓದಿದ್ದು ಪೂರಾ ಮರಾಠಿ. ಅವನ ಬೆರಳು ನಿಲ್ಲುವ ಜಾಗ ನೋಡಿ ನೋಡಿ ರಾಜನ ಅಂಗಿಯ ಉದ್ದ ಎಲ್ಲಿದೆಯೆಂದು ಗೊತ್ತಿತ್ತು: ೪೯. ನಾಲ್ಕು ಎರಡೂ ಕಡೆ ಒಂದೇ, ತಿಳಿಯಿತು. ಕನ್ನಡದ ಒಂಬತ್ತು ನನ್ನ ಕಣ್ಣಿಗೆ ಥೇಟ್ ಮರಾಠಿಯ ಆರು. ನಲವತ್ತಾರಕ್ಕೆ ಕತ್ತರಿಸಿ, ಕಚ್ಚಾ ಹೊಲಿಗೆಯನ್ನೂ ಹಾಕಿಟ್ಟೆ.

ಮರುದಿನ ಹಾಕಿ ನೋಡಲು ರಾಜ ಬಂದ. ಮೊಣಕಾಲು ಮುಚ್ಚಬೇಕಾದ ಅಂಗಿ ಮೊಣಕಾಲಿನ ಮೇಲೆಯೇ ನಿಂತಿತು. ಧರ್ಮರಾಜ ವಹಿ ನೋಡಿದ, ಅಂಗಿ ನೋಡಿದ, ನನ್ನನ್ನು ನೋಡಿದ. ಕಾಕು ಉಳಿದ ತುಂಡುಗಳನ್ನು ಎತ್ತಿಕೊಂಡು ಮಡಿಸತೊಡಗಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಡಿಸುವುದನ್ನು ನೋಡಿ ಅಳು ಬಂದುಬಿಟ್ಟಿತು.

"ನಾ ಮನಿಗೆ ಹೋಗ್ತೀನ್ರಿ ಕಾಕು," ಎಂದೆ.

"ಮನಿಗಿ ಆಮ್ಯಾಲ ಹೋಗೀರಂತ," ಎಂದ ಧರ್ಮರಾಜ. ಅಂಗಿಯನ್ನು ಗೋಡೆಗೆ ತೂಗುಹಾಕಿದ. "ಮೊದಲ ಹತ್ತನೇ ಸಾಲಿಗಿ ಹೋಗಿ ಕೂಡ್ರಿ. ಏನ್ ಮಾಡಬೇಕಂತ ಅಲ್ಲಿಂದ ನೋಡ್ರಿ."

ಮೂಗು ಒರೆಸಿಕೊಂಡು ಚಹಾದಂಗಡಿಗೆ ಹೋದೆ. ಬಾಕಿನ ಮೇಲೆ ಒಂದು ಹಳೆಯ ಚಾದರ ಹಾಸಿದ್ದರು. ನಮ್ಮ ಸೊಲ್ಲಾಪುರದ್ದೇ, ಅಂಚಿನಲ್ಲಿ ಹಳದಿ ಕೆಂಪು ನೇಯ್ಗೆಯ ಪಟ್ಟಿ. ಹುಟ್ಟಿದಾಗಿನಿಂದ ಇಂಥ ಚಾದರ ಹೊದ್ದೇ ಮಲಗಿದವಳು ನಾನು. ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ಅದರ ತುದಿಯನ್ನು ಎತ್ತಿ, ದೂರದ ಅಂಗಿಯ ಅಂಚಿಗೆ ಸರಿಯಾಗಿ ಹಿಡಿದು ನೋಡಿದೆ. ಹತ್ತನೇ ಸಾಲಿನಿಂದ ಅದು ಅಪ್ಪಟ ಕಿನಖಾಪು, ರಾಜರು ತೊಡುವ ಜರಿಯ ರೇಷ್ಮೆ.

ಓಡಿಬಂದು ಹೇಳಿದೆ. "ಚಾದರದ ಪಟ್ಟಿ ಹಚ್ಚೋಣು. ಕೆಳಗ ಅಷ್ಟs ಅಲ್ಲ. ತೋಳಿಗೂ ಹಚ್ಚೋಣು, ಕಾಲರಿಗೂ ಹಚ್ಚೋಣು. ಒಂದ ಕಡೆ ಹಚ್ಚಿದ್ರ ಅದು ತ್ಯಾಪಿ. ಮೂರೂ ಕಡೆ ಹಚ್ಚಿದ್ರ ಡಿಸೈನ್."

ಕಾಕು ಮಡಿಸುವುದನ್ನು ಬಿಟ್ಟು ತಲೆ ಎತ್ತಿದರು. "ಈ ಹುಡುಗಿ ಕಲೀತು," ಎಂದರು, ನನಗಲ್ಲ, ಮಗನಿಗೆ.

ಆವತ್ತೇ ಅವನು ನನಗೆ ಕನ್ನಡ ಹೇಳಿಕೊಡಲು ಶುರುಮಾಡಿದ. ಊಟವಾದ ಮೇಲೆ ಕರಿಬಟ್ಟೆಯ ತುಂಡು ಹಾಸಿ, ಗುರುತು ಹಾಕುವ ಸೀಮೆಸುಣ್ಣದ ಖಡುವಿನಿಂದ ಬರೆಯುತ್ತಿದ್ದ. ಅಂಗಿಯ ಅ, ತೋಳಿನ ತ, ಗುಂಡಿಯ ಗ. ನಾನು ತಪ್ಪು ಬರೆದರೆ ಅಂಗೈಯಿಂದ ಒರೆಸುತ್ತಿದ್ದ. ಬೇಕಂತಲೇ ಎಷ್ಟು ತಪ್ಪು ಬರೆದೆನೋ, ಈಗ ಲೆಕ್ಕವಿಲ್ಲ.

"ಕೆಳಗ ಸಣ್ಣ ಸಣ್ಣ ಅಕ್ಷರ ಜೋತಾಡತಾವಲ್ಲ, ಅವು ಏನ್ರಿ?"

"ಒತ್ತಕ್ಷರ. ನಿಮಗ ಬ್ಯಾಡ್ರಿ ಅವು," ಎಂದ ಗಡಿಬಿಡಿಯಿಂದ. "ಮಾಪಿಗಿ ಬೇಕಾಗೂದಿಲ್ಲ."

ನಿಜವೇ ಇರಬೇಕು ಅಂದುಕೊಂಡೆ. ವಹಿಯಲ್ಲಿ ಉದ್ದಕ್ಕೆ ಬರೀ 'ಉ', ತೋಳಿಗೆ ಬರೀ 'ತೋ' ಇರುತ್ತಿತ್ತು. ಪುಟದ ಕೆಳಗಿನ ಸಾಲುಗಳಲ್ಲಿ ಮಾತ್ರ ಆ ಜೋತಾಡುವ ಅಕ್ಷರಗಳೇ ತುಂಬಿದ್ದವು. ಏನದು ಎಂದರೆ, ಹೊಲಿಗೆಯ ಟಿಪ್ಪಣಿ ಎಂದ.

ಸೊಲ್ಲಾಪುರದಲ್ಲಿ ನಾಟಕದ ದಿನ ನಾನು ಎಣಿಸಿಕೊಂಡು ಹತ್ತನೇ ಸಾಲಿನಲ್ಲೇ ಕುಳಿತೆ, ಪಕ್ಕದಲ್ಲಿ ಅಪ್ಪ. ರಾಣಿ ನೆಲದ ಮೇಲೆ ಕುಳಿತು ಅತ್ತಳು, ಯಾರ ಸಹಾಯವೂ ಇಲ್ಲದೆ ಎದ್ದಳು. ರಾಜ ಬಂದು ಗರ್ರನೆ ತಿರುಗಿದ. ಚಾದರದ ಭಾರಕ್ಕೆ ಅಂಗಿಯ ಅಂಚು ಸುತ್ತಲೂ ಬಿಚ್ಚಿಕೊಂಡು, ಮತ್ತೆ ಮೆಲ್ಲಗೆ ಇಳಿಯಿತು. ಅಪ್ಪ ಮುಂದೆ ಬಾಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಪ್ರಾಜಕ್ತಾ, ಅದು ನಮ್ಮ ಚಾದರ ಅಲ್ಲೇನ?"

"ಹೌದಪ್ಪಾ."

ಅವರು ಹಿಂದಕ್ಕೆ ಒರಗಿ ಕುಳಿತರು. "ನಾ ಇದನ್ನ ನಲವತ್ತ ವರ್ಷ ಮಂದೀನ ಮಲಗಿಸಾಕ ಮಾರೀನಿ. ನೀ ಅದನ್ನ ರಾಜಾಗ ತೊಡಿಸೀದಿ," ಎಂದರು. ನಾಟಕ ಮುಗಿದ ಮೇಲೆ ಲಕ್ಷ್ಮೀಕಾಂತ ಸರ್ ಮುಂದಿನ ನಾಟಕದ ಪೋಷಾಕನ್ನೂ ನಮಗೇ ವಹಿಸಿದಾಗ, ನಾನು ಕೇಳುವ ಮೊದಲೇ ಅಪ್ಪ ಹೂಂ ಎಂದರು.

ಮರುದಿನ ಅಂಗಡಿಗೆ ಬಂದಾಗ ಧರ್ಮರಾಜ ಇರಲಿಲ್ಲ, ಚಪಳಗಾಂವಕ್ಕೆ ಪೋಷಾಕಿನ ಗಂಟು ಕೊಡಲು ಹೋಗಿದ್ದ. ಕಾಕುನ ಕಾಲಿಗೆ ನಮಸ್ಕಾರ ಮಾಡಿದೆ. ರೇಷ್ಮೆಗೆ, 'ಕಲೀತು' ಎಂದ ಆ ಒಂದು ಮಾತಿಗೆ, ಎಲ್ಲದಕ್ಕೂ ಸೇರಿಸಿ. ಅವರು ನನ್ನ ಗಲ್ಲ ಸವರಿ, ಮಾಪಿನ ವಹಿಯಲ್ಲಿ ಹೊಸ ಪುಟ ತೆಗೆದು ಮುಂದಿಟ್ಟರು.

"ಹೊಸಾ ನಾಟಕ. ಮ್ಯಾಲ ನಿನ್ನ ಹೆಸರ ನೀನs ಬರಿ."

'ಪ' ಬರೆದೆ. ಮುಂದಕ್ಕೆ ಹೋಗಲಿಲ್ಲ.

"ಎರಡು ಒತ್ತು ಅದಾವಲ್ಲ ನಿನ್ನ ಹೆಸರಾಗ. ಅಂವಾ ಕಲಿಸಿಲ್ಲೇನು?"

"ಬ್ಯಾಡ ಅಂದಾರ್ರಿ."

"ಬ್ಯಾಡ ಅಂದನಾ?" ಕಾಕು ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನಿಮ್ಮ ಮರಾಠಿಯೊಳಗ ಇದಕ್ಕ ಜೋಡಾಕ್ಷರ ಅಂತಾರ ನೋಡು. ಎರಡು ಅಕ್ಷರ ಜೋಡಿ ಆಗೂದು. ಅಷ್ಟs. ಕೂಡು, ನಾ ಹೇಳಿ ಕೊಡ್ತೀನಿ."

'ಪ'ಕ್ಕೆ 'ರ' ಒತ್ತು. 'ಕ'ಕ್ಕೆ 'ತ' ಒತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರು ಬರೆದೆ, ಪ್ರಾಜಕ್ತಾ. ಬರೆದ ಕೂಡಲೆ ಗಾಬರಿಯಾಯಿತು. ಈ ಆಕಾರವನ್ನು ನಾನು ಎಲ್ಲೋ ನೋಡಿದ್ದೆ. ಹಳೆಯ ಪುಟ ತಿರುವಿದೆ. ಪ್ರತಿ ಪುಟದ ಕೆಳಗೆ, ಆ ಹೊಲಿಗೆಯ ಟಿಪ್ಪಣಿಯಲ್ಲಿ, ಅದೇ ಹೆಸರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

'ಪ್ರಾಜಕ್ತಾ ಬಂದಳು. ನನಗ ಅಕ್ಕಾ ಅಂದಳು.'

'ಪ್ರಾಜಕ್ತಾನ ಸಿಟ್ಟು ಭಾಳ ಉದ್ದ. ಟೇಪು ಸಾಲಲಿಲ್ಲ.'

ರಾಜನ ಪುಟ, ೪೯ರ ಕೆಳಗೆ: 'ಪ್ರಾಜಕ್ತಾ ಅತ್ತಳು. ರೇಷ್ಮಿ ಹೋದರ ಹೋಗಲಿ, ಅಕಿ ಹೋಗಬಾರದು.'

ಕೊನೆಯದು ನಾಟಕದ ಹಿಂದಿನ ದಿನದ್ದು: 'ಒತ್ತಕ್ಷರ ಕಲಿಸಿದರ ಎಲ್ಲಾ ಓದತಾಳ. ಕಲಿಸದಿದ್ದರ ಎಂದೂ ಓದೂದಿಲ್ಲ. ಪ್ರಾಜಕ್ತಾಗ ಒಪ್ಪಿಗಿ ಅದನೋ ಇಲ್ಲೋ, ಹ್ಯಾಂಗ ಕೇಳಲಿ?'

ಇಷ್ಟು ದಿನ ನಾನು ಕಾದ ಮಾತೆಲ್ಲ ಒಂದು ಮೊಳ ದೂರದಲ್ಲೇ ಇತ್ತು. ನಾನು ಅದರ ಮೇಲೆ ಕತ್ತರಿ ಇಡುತ್ತಿದ್ದೆ, ಚಹಾದ ಲೋಟ ಇಡುತ್ತಿದ್ದೆ. ಆ ಒಂಬತ್ತನ್ನು ನಾನು ಸರಿಯಾಗಿ ಓದಿದ್ದರೆ ಯಾರೂ ನನಗೆ ಅಕ್ಷರ ಕಲಿಸುತ್ತಿರಲಿಲ್ಲ. ಅಂಕಿಯೊಂದಕ್ಕೆ ಕೈ ಮುಗಿಯಬೇಕು ಅನ್ನಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಪೆನ್ಸಿಲು ತೆಗೆದುಕೊಂಡು ಅವನ ಪ್ರಶ್ನೆಯ ಕೆಳಗೆ ಬರೆದೆ.

ಧರ್ಮರಾಜ ಬಂದಾಗ ವಹಿ ಅವನ ಮಷಿನ್ನಿನ ಮೇಲೆ ತೆರೆದಿತ್ತು. ನಾನು ಸ್ಟೂಲಿನಲ್ಲಿ ಕುಳಿತಿದ್ದೆ. ಕಾಕು ಚಹಾ ಮಾಡುತ್ತೇನೆಂದು ಒಳಗೆ ಹೋದರು. ಅವನು ಓದಿದ. ಮೀಸೆಯವರೆಗೂ ಕೆಂಪಾದ. ಘಾಗ್ರಾ ಉಟ್ಟಾಗ ನಾಚದ ಮನುಷ್ಯ.

'ಒಪಿಗಿ ಅದ.' ನನ್ನ ಸೊಟ್ಟ ಅಕ್ಷರ.

"ಒತ್ತು ಬಿಟ್ಟೀರಿ," ಎಂದ.

"ಗೊತ್ತದ್ರಿ ಮಾಸ್ತರ. ನೀವು ಹಚ್ಚಲಿ ಅಂತನs ಬಿಟ್ಟೀನಿ."

ಅವನು ಪೆನ್ಸಿಲು ತೆಗೆದುಕೊಂಡ. ಸೂಜಿಗೆ ದಾರ ಪೋಣಿಸುವಾಗಿನಂತೆ ಒಂದು ಕಣ್ಣು ಮುಚ್ಚಿ, ನನ್ನ 'ಪಿ'ಯ ಕೆಳಗೆ ನಿಧಾನವಾಗಿ ಒಂದು ಒತ್ತು ಹಚ್ಚಿದ.