ಪುಟಾಣಿ ಪ್ರೋಟೀನ್ ಮತ್ತು ಅವನು

"ಅದನ್ನ ಮುಟ್ಟಬೇಡಿ!"

ಅವಳ ಕೂಗಿಗೆ ಅವನು ಬೆಚ್ಚಿಬಿದ್ದ. ಲ್ಯಾಬಿಗೆ ಅವತ್ತಷ್ಟೇ ಸೇರಿದ ಹೊಸ ಸಂಶೋಧಕ. ಕೈಯಲ್ಲಿ ಅವಳ ಫ್ಲಾಸ್ಕ್. ಕಿಟಕಿಯ ಬಿಸಿಲು ಅವನ ಕಣ್ಣೊಳಗೆ ಜೇನಿನಂತೆ ಕರಗುತ್ತಿತ್ತು...

"ಫ್ಲಾಸ್ಕ್ ಹಿಡಿದಿದ್ದ ಕ್ಲಿಪ್ ಸಡಿಲ ಆಗಿತ್ತು. ಬೀಳ್ತಿತ್ತು, ಹಿಡ್ಕೊಂಡೆ ಅಷ್ಟೇ."

ಅವಳ ಎದೆ ಢವಢವ. 'ಛೆ, ಕೋಪ ಬಂದ್ರೆ ಹೀಗೂ ಆಗುತ್ತಾ?'

ಸಂಜೆಗೆ ಉಳಿದ ಫ್ಲಾಸ್ಕುಗಳಲ್ಲಿ ಬ್ಯಾಕ್ಟೀರಿಯಾ ಬೆಳೆದು ನೀರು ಮಂಜಿನಂತೆ ಮಬ್ಬಾಗಿತ್ತು. ಅವನು ಹಿಡಿದಿದ್ದು ಮಾತ್ರ ತಿಳಿಯಾಗೇ ಇತ್ತು. ಒಳಗೆ ಏನೂ ಬೆಳೆದಿರಲಿಲ್ಲ.

"ನೀವೇ ಏನೋ ಮಾಡಿದ್ದೀರಿ!"

ಎಲ್ಲರೆದುರು ಅಂದೇಬಿಟ್ಟಳು. ಕೆಲವೇ ದಿನಗಳಲ್ಲಿ ಸುದ್ದಿ ಬಂತು, ಬೇರೆ ಊರಿನ ಲ್ಯಾಬಿಗೆ ಹೊರಟಿದ್ದಾನಂತೆ.

'ಹೋಗಲಿ, ನನಗೇನು?' ಅಂದುಕೊಂಡಳು. ಆದರೆ ಅವನ ಕುರ್ಚಿಯ ಕಡೆಗೇ ಕಣ್ಣು ಹೋಗುತ್ತಿತ್ತು.

ಪ್ರಯೋಗವನ್ನು ಒಬ್ಬಳೇ ಮತ್ತೆ ಮಾಡಿದಳು. ಯಾರೂ ಮುಟ್ಟಲಿಲ್ಲ. ಆದರೂ... ಆ ಒಂದು ಫ್ಲಾಸ್ಕಿನಲ್ಲಿ ಅದೇ ತಿಳಿನೀರು!

ಅವಳು ತನ್ನ ಟಿಪ್ಪಣಿ ಪುಸ್ತಕ ತೆರೆದು ಕೂತಳು. ಎಲ್ಲ ಫ್ಲಾಸ್ಕಿಗೂ ಅವಳು ಹಾಕಿದ್ದ ಅರಗದ ಸಕ್ಕರೆ ತುಂಬಿ ಬ್ಯಾಕ್ಟೀರಿಯಾಗೆ ಉಸಿರುಗಟ್ಟಿದಾಗ, ಒಂದು ಚಿಕ್ಕ ಆರ್‌ಎನ್‌ಎ ಸಕ್ಕರೆ ಒಳಬರುವ ಹೊಸ ಬಾಗಿಲು ಕಟ್ಟುವ ಆದೇಶವನ್ನೇ ತಡೆಯುತ್ತದೆ. ಅದು ಅವಳಿಗೆ ಗೊತ್ತಿತ್ತು. ಆದರೆ ಆಗಲೇ ತೆರೆದಿರುವ ಬಾಗಿಲುಗಳು? ಅವನ್ನು ಅದುಮಿ ಮುಚ್ಚುತ್ತಿದ್ದದ್ದು ಒಂದು ಪುಟಾಣಿ ಪ್ರೋಟೀನ್. ಕೆಲಸಕ್ಕೆ ಬಾರದ್ದೆಂದು ಆ ಫ್ಲಾಸ್ಕಿನ ಬ್ಯಾಕ್ಟೀರಿಯಾದಿಂದ ಅದನ್ನು ತೆಗೆದುಹಾಕಿದ್ದವಳು ಇವಳೇ!

'ಅಮ್ಮ ಬೈಯೋದು ಸರಿ. ನಂಗೆ ಮೂಗಿನ ತುದೀಲೇ ಕೋಪ...'

ಅವನು ಪುಸ್ತಕದ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿಯುತ್ತಿದ್ದ. ಅವಳು ಏದುಸಿರು ಬಿಡುತ್ತಾ ಅಡ್ಡ ನಿಂತಳು.

"ತಪ್ಪು ನಂದು! ಎಲ್ಲರ ಮುಂದೆ ಬೈದಿದ್ದೆ, ಈಗ ಎಲ್ಲರ ಮುಂದೇನೇ ಒಪ್ಪಿಕೊಂಡು ಬಂದೆ. ಕ್ಷಮಿಸ್ತೀರಾ?"

"ಅವತ್ತೇ ಕ್ಷಮಿಸಿದ್ದೆ."

"ಮತ್ಯಾಕೆ ಹೋಗ್ತಿದ್ದೀರಿ?"

ಅವನು ತಲೆ ತಗ್ಗಿಸಿದ. "ಬೈಸ್ಕೊಂಡ ಮೇಲೂ ನಿಮ್ಮನ್ನೇ ನೋಡ್ತಾ ಕೂರ್ತಿದ್ದೆ. ಕೆಲಸ ಒಂದೂ ಸಾಗ್ತಿರಲಿಲ್ಲ. ನಿಮಗೋ, ನನ್ನ ಮುಖ ಕಂಡ್ರೆ ಆಗಲ್ಲ..."

ಅವಳ ಕಣ್ಣು ತುಂಬಿತು, ತುಟಿಯಲ್ಲಿ ನಗು. ಮೆಟ್ಟಿಲು, ಗೋಡೆ, ಬೆಳಕು ಎಲ್ಲವೂ ತೇಲುತ್ತಿರುವಂತೆ...

"ಪೆಟ್ಟಿಗೆ ಕೆಳಗಿಡಿ," ಅಂದಳು ಮೆಲ್ಲಗೆ.

"ಯಾಕೆ?"

"ಎರಡು ಕೈಲೂ ಅದನ್ನೇ ಹಿಡ್ಕೊಂಡ್ರೆ... ನನ್ನ ಕೈ ಹಿಡಿಯೋದು ಹೇಗೆ?"