ಕಪ್ಪು-ಬಿಳುಪಿನ ಅಜ್ಜಿ

ಸುಂಕಮ್ಮಜ್ಜಿಗೆ ಗೊತ್ತಾಗದಿದ್ದರೆ ಸಾಕು. ಶಾಲೆಯ ಹಾಲ್‌ನ ಕೊನೇ ಸಾಲಿನಲ್ಲಿ ಕೂತ ಸುಷ್ಮಿತಾ ಮನಸ್ಸಿನಲ್ಲೇ ಇದನ್ನು ಹತ್ತು ಸಲ ಹೇಳಿಕೊಂಡಿದ್ದಳು.

ಪರದೆಯ ಮೇಲೆ ‘ಸುಳ್ಳು ಹೇಳಿದರೆ’ ಎಂಬ ಹೆಸರು ಬಂತು. ಆರನೇ ಕ್ಲಾಸಿನವರು ಮಾಡಿದ ಐದು ನಿಮಿಷದ ದೆವ್ವದ ಸಿನಿಮಾ. ಕತೆ ಸುಷ್ಮಿತಾಳದು, ಫೋನು ಹುಲುಗೇಶನದು. ಅಜ್ಜನ ಕಾಲದ ಸಿನಿಮಾದ ಹಾಗೆ ಕಾಣಲಿ ಎಂದು ಭವ್ಯ ಅದನ್ನು ಕಪ್ಪು-ಬಿಳುಪು ಮಾಡಿ, ಮೇಲೆ ಗೀರುಗೆರೆ ಓಡಿಸಿದ್ದಳು.

ಹೋಂವರ್ಕ್ ಮಾಡಿದ್ದೇನೆಂದು ಸುಳ್ಳು ಹೇಳಿದ ಹುಡುಗ ಒಬ್ಬನೇ ಮನೆಗೆ ಹೊರಟ. ಮರದ ಕೆಳಗೆ ಕೂತಿದ್ದ ಆಕಾರವೊಂದು ಮೆಲ್ಲಗೆ ಕತ್ತು ತಿರುಗಿಸಿತು. ಮುಖವೆಲ್ಲ ಮಸಿ. ಸಣ್ಣ ಕ್ಲಾಸಿನವರು ಕಿಟಾರನೆ ಕಿರುಚಿದರು.

ಅದು ಮಸಿಯಲ್ಲ, ಧೂಳು. ಸಂಡೂರಿನ ಅದಿರು ಲಾರಿಗಳು ಶಾಲೆಯ ಮುಂದೆಯೇ ಹೋಗುತ್ತವೆ. ಗೇಟಿನ ಹತ್ತಿರದ ಮರದ ಕೆಳಗೆ ಬಾರೆಹಣ್ಣು ಮಾರುವ ಸುಂಕಮ್ಮಜ್ಜಿಯ ಸೀರೆ, ಕೂದಲು, ಹುಬ್ಬು ಸಂಜೆಯೊಳಗೆ ಕೆಂಪಾಗಿರುತ್ತವೆ. ಬಣ್ಣ ತೆಗೆದಾಗ ಆ ಕೆಂಪೆಲ್ಲ ಕಪ್ಪಾಯಿತು. “ಮೇಕಪ್ಪ ಬ್ಯಾಡಾತು ನೋಡ್ರಲೇ, ರೆಡಿಮೇಡ್ ದೆವ್ವ!” ಎಂದು ಹುಲುಗೇಶ ಕುಣಿದಿದ್ದ.

ಶೂಟಿಂಗ್ ದಿನ ಅಜ್ಜಿ, “ಯಾತಕ್ಕವ್ವ ಇದು?” ಎಂದು ಕೇಳಿದ್ದಳು.

“ಸ್ಕೂಲ್ ಬುಕ್ಕಿಗೆ ಫೋಟೋ, ಅಜ್ಜಿ,” ಅಂದವಳು ಸುಷ್ಮಿತಾ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಳ್ಳಲು ಹೋದಾಗ, “ಬ್ಯಾಡ, ಹಂಗ ಇರ್ರಿ, ಚಲೋ ಕಾಣ್ತೀರಿ,” ಅಂದವಳೂ ಅವಳೇ.

ಸಿನಿಮಾಕ್ಕೆ ಫಸ್ಟ್ ಪ್ರೈಜ್ ಬಂತು. “ಭಾಳ ಒಳ್ಳೆ ನೀತಿ ಐತಿ,” ಎಂದು ಹಾಲಸ್ವಾಮಿ ಮೇಷ್ಟ್ರು ಸುಷ್ಮಿತಾಳ ಬೆನ್ನು ತಟ್ಟಿದರು. ಅವಳು ಬಹುಮಾನದ ಕಪ್ಪನ್ನು ಭವ್ಯಳ ಕೈಗೆ ಕೊಟ್ಟುಬಿಟ್ಟಳು.

ಮರುದಿನದಿಂದ ಅಜ್ಜಿಯನ್ನು ಕಂಡರೆ ಸಣ್ಣ ಮಕ್ಕಳು ರಸ್ತೆಯ ಆಚೆ ಬದಿ ಹಿಡಿದು ಓಡತೊಡಗಿದರು. ಒಬ್ಬ “ದೆವ್ವ ಐತಲೇ!” ಎಂದು ಕಲ್ಲು ಬೀಸಿದ. ಅದು ಬುಟ್ಟಿಗೆ ಬಡಿದು ಬಾರೆಹಣ್ಣು ಮಣ್ಣಲ್ಲಿ ಉರುಳಿದವು.

“ಸುಮ್ನಿರು, ಎರಡ್ ದಿನಕ್ಕ ಮರೀತಾರ,” ಅಂದ ಹುಲುಗೇಶ.

ಯಾರೂ ಮರೆಯಲಿಲ್ಲ. ಶುಕ್ರವಾರ ಸುಷ್ಮಿತಾ ಗೇಟು ದಾಟುವಾಗ ಬುಟ್ಟಿ ತುಂಬಿದ್ದು ತುಂಬಿದಂತೆಯೇ ಇತ್ತು. ಅಜ್ಜಿ ತಂಬಿಗೆಯಲ್ಲಿ ನೀರು ತಂದು ಮುಖ ತೊಳೆಯುತ್ತಿದ್ದಳು. ತೊಳೆದು ಮುಗಿಸುವಷ್ಟರಲ್ಲಿ ಇನ್ನೊಂದು ಲಾರಿ ಹೋಯಿತು.

“ಬಾರವ್ವ. ಹುಡುಗ್ರು ಯಾಕ ಬರವಲ್ರು? ದೆವ್ವ ಅಂತಾರ. ಹೊಲಸು ಕಾಣ್ತೀನೇನ? ದಿನಕ್ಕ ನಾಕ ಸಲ ಮುಖ ತೊಳ್ಯಾಕತ್ತೀನಿ.”

ಸುಷ್ಮಿತಾ ಬ್ಯಾಗಿನ ಪಟ್ಟಿ ಹಿಡಿದು ನಿಂತಳು.

“ಆ ಫೋಟೋ ಬುಕ್ಕಿನ್ಯಾಗ ಬಂತೇನು?” ಅಜ್ಜಿ ಒದ್ದೆ ಮುಖದಲ್ಲೇ ನಕ್ಕಳು. “ಅದನ್ನ ನೋಡಿದ್ರ ಹುಡುಗ್ರು ಮತ್ತ ಬರ್ತಾರ, ಅಲ್ಲ?”

ಗೇಟಿನಿಂದ ಹುಲುಗೇಶ ಬೇಡವೆಂದು ಕೈ ಆಡಿಸುತ್ತಿದ್ದ. ಸುಷ್ಮಿತಾ ಅವನ ಕಡೆ ನೋಡಲಿಲ್ಲ.

“ಅದು ಫೋಟೋ ಅಲ್ರಿ, ಅಜ್ಜಿ. ನಿಮ್ಮನ್ನ ದೆವ್ವ ಮಾಡಿದಾಕಿ ನಾನ.”