ಬದುವಿನ ಮಣ್ಣು

"ಮಣ್ಣನ್ನ ಕೇಳದೆ ಆ ಹೊಲಕ್ಕೆ ಬೀಜ ಹಾಕಬೇಡಿ ಅಳಿಯಂದ್ರೇ. ಅದಕ್ಕೆ ಮಾಟ ಆಗಿದೆ," ಎಂದರು ಅತ್ತೆ.

ಅಳಿಯ ನಕ್ಕ. ಮಾವ ತೀರಿಕೊಂಡ ಮೇಲೆ ಬೇಸಾಯಕ್ಕೆಂದು ಬಂದು ಮೂರು ತಿಂಗಳು, ಮೂರು ತಿಂಗಳೂ ಇದೇ ಪುರಾಣ. ಹೋದ ವರ್ಷ ಜೋಳಕ್ಕೆ ಮಾವ ಕಳೆನಾಶಕ ಹೊಡೆಸಿ, ಇಪ್ಪತ್ತು ವರ್ಷ ಅಲ್ಲಿ ಕಳೆ ಕಿತ್ತ ಕೂಲಿಯವಳಿಗೆ ಇನ್ನು ಬರಬೇಡ ಎಂದಿದ್ದರು. ಅವಳು ಹಿಡಿ ಮಣ್ಣು ಬಾಯಿಗೆ ಹಾಕಿ, ಅಗಿದು ಉಗಿದು, "ಇಲ್ಲಿ ಎಳೆಯದು ಯಾವುದೂ ನೆಟ್ಟಗೆ ನಿಲ್ಲಬಾರದು. ಈ ಮಣ್ಣಿನ ಹೆಸರಲ್ಲಿ ಸುಳ್ಳಾಡಿದವರೂ ನಿಲ್ಲಬಾರದು" ಎಂದು ಹೋದಳಂತೆ.

"ಮಾಟ ಅಲ್ಲ ಅತ್ತೆ, ಬರೀ ಔಷಧಿ. ವರ್ಷ ಆಯ್ತಲ್ಲ, ತೊಳ್ಕೊಂಡು ಹೋಗಿರುತ್ತೆ."

"ಹೋಗಿದ್ರೆ ಸರಿ. ಇಲ್ದಿದ್ರೆ ಪಕ್ಕದವರ ಹೊಲದಲ್ಲಿ ಒಂದು ಮೂಲೆ ಕೇಳ್ತೀನಿ. ಹಳೇ ಬೀಜ, ಬರೋ ವರ್ಷಕ್ಕೆ ಜೀವ ಇರಲ್ಲ."

ಅದು ಅವರ ಅಮ್ಮನ ಕಾಲದ ಅಲಸಂದೆ. ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ, ಇಲ್ಲಿದ್ದದ್ದೂ ಎರಡೇ ಡಬ್ಬಿ. ಮಣ್ಣನ್ನು ಕೇಳುವುದೆಂದರೆ ಹೊಲದ ನಡುವಿನ ಮಣ್ಣನ್ನು ಕುಂಡಕ್ಕೆ ತುಂಬಿ, ಏಳು ಬೀಜ ಊರಿ, ಎರಡು ವಾರ ಕಾಯುವುದು. ಅಳಿಯನಿಗೆ ಅಂದು ಕಾಲು ಸೋತು ಸುಣ್ಣವಾಗಿತ್ತು. ನಡುವಿನ ತನಕ ಯಾರು ನಡೆಯಬೇಕು? ಔಷಧಿಯೇ ಬೀಳದ ಬದುವಿನಿಂದ ಮಣ್ಣು ತೋಡಿ ತಂದು, ನಡುವಿನದೇ ಎಂದ. ಏಳಕ್ಕೆ ಏಳೂ ಚಿಗುರಿದವು. ಅತ್ತೆ ಕಣ್ಣೊರೆಸಿಕೊಂಡು ಒಂದು ಡಬ್ಬಿ ಬೀಜ ಕೊಟ್ಟರು.

ಬಿತ್ತಿದ ಹನ್ನೆರಡನೆಯ ದಿನ, ಮಟಮಟ ಮಧ್ಯಾಹ್ನ ಹೊಲಕ್ಕೆ ಹೋದ. ಒಂದು ಹಕ್ಕಿಯ ಸದ್ದಿಲ್ಲ. ತುಕ್ಕು ಹಿಡಿದ ಕಬ್ಬಿಣದ ಜೊತೆ ಏನೋ ಕೊಳೆತ ವಾಸನೆ ಮೂಗಿಗೆ ಅಡರಿತು. ಸಾಲುಸಾಲಾಗಿ ಮೊಳಕೆ ಎದ್ದಿತ್ತು. ಒಂದೂ ನೆಟ್ಟಗಿರಲಿಲ್ಲ. ಕಾಂಡ ಹಿಂಡಿದ ಬಟ್ಟೆಯಂತೆ ತಿರುಚಿತ್ತು. ಎಲೆ ಒಳಕ್ಕೆ ಮಡಚಿಕೊಂಡಿತ್ತು. ಅವನು ಮಂಡಿಯೂರಿ ಕೆದಕಿದ. ಒಂದಾದರೂ ಬದುಕಿರಲಿ ಎಂದು ಕೆದಕಿದ. ಉಗುರಿನ ಸಂದಿಗೆ ಮಣ್ಣು ಇಳಿದು ಉರಿಯತೊಡಗಿತು.

ಹಿಂದೆ ಹೆಜ್ಜೆ ಸದ್ದಾಯಿತು. ಅತ್ತೆ ಬಂದಿದ್ದರು, ಕೈಯಲ್ಲಿ ಎರಡನೆಯ ಡಬ್ಬಿ. ತುಂಬ ಹೊತ್ತು ಮೊಳಕೆಗಳನ್ನೇ ನೋಡಿದರು.

"ಕುಂಡದಲ್ಲಿ ಚೆನ್ನಾಗಿ ಬಂತಲ್ಲ. ಮಣ್ಣಿಂದೇನೂ ತಪ್ಪಿಲ್ಲ. ನೀವು ಆಳಕ್ಕೆ ಊರಿರ್ತೀರಿ. ಇರಲಿ ಬಿಡಿ, ನಾನೇ ಹಾಕ್ತೀನಿ."

ಬೇಡ ಅತ್ತೆ, ಅದು ಬದುವಿನ ಮಣ್ಣು. ಅವನು ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದ. ನಾಲಿಗೆ ಒಳಕ್ಕೆ ಮಡಚಿಕೊಂಡಿತು. ಡಬ್ಬಿ ಕಸಿಯಲು ಕೈ ಚಾಚಿದ. ಬೆರಳುಗಳು ಒಂದೊಂದಾಗಿ ಸುರುಳಿ ಸುತ್ತಿದವು. ಏಳಲು ನೋಡಿದ. ಬೆನ್ನು ತಿರುಚಿತು. ಉಸಿರು ಸಿಕ್ಕಲಿಲ್ಲ. ಗಂಟಲಿಂದ ಗೊರಗೊರ ಸದ್ದೊಂದೇ ಬಂತು.

"ಅಳಬೇಡಿ ಅಳಿಯಂದ್ರೇ," ಆಗಲೇ ಸಾಲಿನತ್ತ ಹೊರಟಿದ್ದ ಅತ್ತೆ ತಿರುಗಿ ನೋಡದೆಯೇ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಿಮ್ಮ ಮೇಲೆ ನಂಗೆ ನಂಬಿಕೆ ಇದೆ."

ಸಾಲು ಹಿಡಿದು ನಿಧಾನಕ್ಕೆ ಹೋದರು. ಬಗ್ಗಿ ಊರಿದರು. ಮತ್ತೆ ಬಗ್ಗಿ ಊರಿದರು. ಹೊಲದ ಆ ತುದಿಯಲ್ಲಿ ಡಬ್ಬಿಯನ್ನು ಬೋರಲು ಮಾಡಿ, ತಳ ತಟ್ಟಿ, ಒಂದು ಬೀಜವೂ ಉಳಿದಿಲ್ಲವೆಂದು ನೋಡಿಕೊಂಡರು.